ಎರಡು ವಿಂಡೋಸ್‌ಗಳ ಕಾಲ

ರೋಣದ ನನ್ನ ಡಿಟಿಪಿ ಅಂಗಡಿಯಲ್ಲಿ ಒಂದೇ ಕಂಪ್ಯೂಟರಿನೊಳಗೆ ವಿಂಡೋಸ್ 98, ಎಕ್ಸ್‌ಪಿ ಎರಡೂ ಇದ್ದವು. ಹಳೆಯ ಸ್ಕ್ಯಾನರು 98ರಲ್ಲಿ ಮಾತ್ರ ನಡೆಯುತ್ತಿತ್ತು. ನರಗುಂದ, ಗಜೇಂದ್ರಗಡದಿಂದ ಲಗ್ನಪತ್ರಿಕೆಗೆ ಬಂದವರ ಫೋಟೊ ಅದರಲ್ಲೇ ಆಗಬೇಕಿತ್ತು. 2001ರ ಎಕ್ಸ್‌ಪಿಗೆ ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಇಷ್ಟ, 98 ಅದನ್ನು ಓದಲಾರದು. ಹಾಗಾಗಿ ಸಿ ಡ್ರೈವ್ ಎರಡೂ ಓದಬಲ್ಲ ಫ್ಯಾಟ್32ರಲ್ಲಿ. ಮೊದಲು 98, ಆಮೇಲೆ ಎಕ್ಸ್‌ಪಿ ಹಾಕಿದ್ದೆ. ಈ ಕ್ರಮ ತಪ್ಪಿದರೆ 98 ಬೂಟ್ ಸೆಕ್ಟರನ್ನು ಅಳಿಸಿ ಬರೆದು, ಎಕ್ಸ್‌ಪಿ ಏಳುತ್ತಲೇ ಇರಲಿಲ್ಲ. ಗಿರಾಕಿಗಳ ಕೆಲಸವೆಲ್ಲ ಎರಡಕ್ಕೂ ಕಾಣುವಂತೆ ಡಿ ಡ್ರೈವಿನ ಫ್ಯಾಟ್32ರಲ್ಲಿ.

ಮದುವೆ ವಿಡಿಯೊ ಕೆಲಸ ಬಂದಾಗ ಡಿ ಡ್ರೈವ್ ಸಾಲಲಿಲ್ಲ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಒಂದು ತಾಸಿನ ಡಿವಿ ಟೇಪೇ ಸುಮಾರು 13 ಜಿಬಿ. ಇ ಡ್ರೈವನ್ನು ಎನ್‌ಟಿಎಫ್‌ಎಸ್ ಮಾಡಿದೆ. ಅದರ ದೊಡ್ಡ ಉಪಕಾರ ಬೇರೆಯೇ: ಕರೆಂಟು ಹೋದರೂ ತಾನು ಬರೆದಿಟ್ಟ ಲಾಗ್ ನೋಡಿಕೊಂಡು ಡಿಸ್ಕನ್ನು ಬೇಗ ಸರಿಪಡಿಸಿಕೊಳ್ಳುತ್ತಿತ್ತು.