ಗಾಳದ ಕೋಲಿನ ಗತಕಾಲ

ಘಟಪ್ರಭೆಯ ಸೀಮೆಗೆ ಸೇರಿದ ನಮ್ಮ ಕಲ್ಲೋಳಿಯನ್ನೂ ಒಳಗೊಂಡಿದ್ದ ಕುಂತಳದೇಶವನ್ನು 1126ರಿಂದ 1138ರವರೆಗೆ ಆಳಿದ ಕಲ್ಯಾಣ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು, ಮಾನಸೋಲ್ಲಾಸವೆಂಬ ತನ್ನ ಸಂಸ್ಕೃತ ಮಹಾಗ್ರಂಥದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿರಿಸಿ, ಮೀನಿನ ಜಾತಿ, ಅದಕ್ಕೊಪ್ಪುವ ಎರೆ, ಗಾಳ ಹಾಕುವ ಕ್ರಮಗಳನ್ನು ಶಾಸ್ತ್ರೋಕ್ತವಾಗಿ ನಿರೂಪಿಸಿರುವನು. ಜೀವನೋಪಾಯವೂ ಅರಸನ ವಿನೋದವೂ ಆಗಿದ್ದ ಈ ಕಲೆಗೆ ಶತಮಾನಗಳ ಕಾಲ ಆಧಾರವಾದುದು ಬಿದಿರು.

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕೆಯಲ್ಲಿ ಗಾಜಿನ ನೂಲನ್ನು ರಾಳದಲ್ಲಿ ಅದ್ದಿ ಗಟ್ಟಿಗೊಳಿಸಿದ ಕೋಲು ಹುಟ್ಟಿ, ಸೀಳುಬಿದಿರಿನ ದುಬಾರಿ ಕೋಲನ್ನು ಹಿಂದೆ ಸರಿಸಿತು. 1970ರ ದಶಕದಲ್ಲಿ ಇಂಗಾಲದ ನೂಲು ಇದನ್ನೂ ಮೀರಿಸಿತಾದರೂ, ಬುಡದವರೆಗೆ ಮೆಲ್ಲನೆ ಬಾಗುವ ಗಾಜಿನ ಕೋಲು, ಕಿರುತೊರೆಯ ಟ್ರೌಟ್ ಮೀನಿನ ಮುಂದೆ ಕೃತಕ ನೊಣವನ್ನು ಹಗುರಾಗಿ ಇಳಿಸುವವರಿಗೆ ಇಂದಿಗೂ ಪ್ರಿಯವಾಗಿಯೇ ಉಳಿದಿದೆ. ವಸ್ತು ಬದಲಾಯಿತು; ಬಾಗಿ ಗೆಲ್ಲುವ ಬಿದಿರಿನ ಧರ್ಮ ಮಾತ್ರ ಬದಲಾಗಲಿಲ್ಲ.