ಹಳೆಯ ಕೆಂಪು ವೈನೂ ನಮ್ಮ ಕಡೆಯ ಚಪ್ಪರವೂ

ಬೆಂಗಳೂರಿನಲ್ಲಿ ಈಗ ನಾಲ್ಕು ಜನ ಸೇರಿ ವೈನ್ ಮಾತೆತ್ತಿದರೆ ಅದು ಇಟಲಿಯ ಮೊಂಟಾಲ್ಚಿನೊ ಮುಟ್ಟದೆ ಮುಗಿಯುವುದಿಲ್ಲ. ಬಿಯೊಂಡಿ-ಸಾಂತಿ ಮನೆತನ, ಅವರ ಗ್ರೆಪ್ಪೊ ತೋಟ, ಅವರ 1888ರ ಬ್ರುನೆಲ್ಲೊ ಎಂಬ ಕೆಂಪು ವೈನ್ ಎಲ್ಲ ಬಂದುಹೋದ ಮೇಲೆ, ನಮ್ಮ ಮಣ್ಣಿಗೆ ಆ ಯೋಗ್ಯತೆ ಇಲ್ಲ ಎಂಬ ತೀರ್ಮಾನವೂ ಬರುತ್ತದೆ. ದ್ರಾಕ್ಷಿ ತೋಟಗಳಲ್ಲೇ ತಲೆ ನರೆತ ನನ್ನಂಥವರಿಗೆ ಇದು ಸೋಮಾರಿ ತೀರ್ಮಾನವಾಗಿ ಕಾಣುತ್ತದೆ. ಬ್ರುನೆಲ್ಲೊವನ್ನು ಕೊಯ್ಲಾದ ಐದನೇ ವರ್ಷದ ಜನವರಿ ತನಕ ಮಾರುವಂತಿಲ್ಲ, ಅದರಲ್ಲಿ ಎರಡು ವರ್ಷ ಮರದ ಪೀಪಾಯಿಯಲ್ಲೇ ಇರಬೇಕು ಎಂಬುದು ಅಲ್ಲಿನ ಕಾನೂನು. ಹಗೇವಿನಲ್ಲಿ ರಾಗಿ ಮುಚ್ಚಿಟ್ಟು ಬರಗಾಲಕ್ಕೆ ಕಾದ ಮನೆಗಳಂತೆ, ಅಷ್ಟು ವರ್ಷ ಹಣ ಕಟ್ಟಿಹಾಕಿ ಕೂರುವ ತಾಕತ್ತು ಮೊದಲು ಬೇಕು. ಮಣ್ಣಿನ ಪ್ರಶ್ನೆ ಆಮೇಲಿನದು.

ನಮ್ಮ ಕಡೆ ದ್ರಾಕ್ಷಿ ಹೊಸದಲ್ಲ. ಬೆಂಗಳೂರು ಬ್ಲೂ ಈ ಸೀಮೆಯಲ್ಲಿ ಸುಮಾರು ಒಂದೂವರೆ ಶತಮಾನದಿಂದ ಇದೆ. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಅನಾಬೆ ಶಾಹಿ, ದಿಲ್‌ಖುಷ್ ಬಂದದ್ದು ತಿನ್ನುವ ಹಣ್ಣಾಗಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಂಗಳೂರು ಬ್ಲೂವನ್ನು ಬ್ಲ್ಯಾಕ್ ಚಂಪಾ ಜೊತೆ ಕೂಡಿಸಿ ಅರ್ಕಾ ಶ್ಯಾಮ್ ತಳಿ ತಂದಿತು. ಒಳ್ಳೆಯ ಕೆಲಸ, ಕೊಂಡಾಡುವವರು ಮಾತ್ರ ಕಡಿಮೆ.

ನಮ್ಮ ತಲೆಮಾರಿಗೆ ಕಣ್ಣು ತೆರೆಸಿದ್ದು 1988ರಲ್ಲಿ ನಂದಿ ಬೆಟ್ಟದ ಬುಡದಲ್ಲಿ ಕನ್ವಲ್ ಗ್ರೋವರ್ ಕಟ್ಟಿದ ತೋಟ. ಫ್ರಾನ್ಸಿನ ತಳಿಗಳನ್ನು ತರಿಸಿ ಪರೀಕ್ಷಿಸಿದರು, ಮುಂದೆ ಅಲ್ಲಿನದೇ ವೈನ್ ತಜ್ಞ ಮಿಷೆಲ್ ರೋಲಾಂ ಅವರ ಸಲಹೆ ಪಡೆದರು. ಕ್ಯಾಬರ್ನೆ ಮತ್ತು ಶಿರಾಜ್ ಕೂಡಿಸಿ ಓಕ್ ಪೀಪಾಯಿಯಲ್ಲಿ ಮಾಗಿಸಿದ 'ಲಾ ರಿಸರ್ವ್' ನಮ್ಮ ರಾಜ್ಯದ ವೈನಿಗೆ ಮರ್ಯಾದೆ ತಂದಿತು. ಆದರೆ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ತೋಟದೊಳಗೆ ನಡೆದ ಕೆಲಸ. ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಮಲಗುತ್ತದೆ. ನಮ್ಮದಕ್ಕೆ ನಿದ್ದೆಯೇ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ: ಬೇಸಿಗೆಯಲ್ಲಿ ಕಡ್ಡಿಗಾಗಿ, ಅಕ್ಟೋಬರ್ ಸುಮಾರಿಗೆ ಹಣ್ಣಿಗಾಗಿ. ಕತ್ತರಿ ಬಿದ್ದ ಮೇಲೆ ಹೆಂಗಸರು ಕೈಗವಸು ತೊಟ್ಟು, ಔಷಧಿಯಲ್ಲಿ ಅದ್ದಿದ ಸ್ಪಂಜನ್ನು ಕಡ್ಡಿಯ ಒಂದೊಂದು ಚಿಗುರುಗಣ್ಣಿಗೂ ಒತ್ತುತ್ತಾ ಸಾಲಿನುದ್ದಕ್ಕೂ ಹೋಗುತ್ತಾರೆ. ಅವು ಒಟ್ಟಿಗೆ ಚಿಗುರದಿದ್ದರೆ ಗೊಂಚಲು ಒಟ್ಟಿಗೆ ಮಾಗುವುದಿಲ್ಲ. ಬಾಟಲಿಯ ಹಿಂಬದಿಯ ಬರಹದಲ್ಲಿ ಈ ಕೈಗಳ ಸುದ್ದಿ ಇರುವುದಿಲ್ಲ.

ಕೊಯ್ಲು ಬರುವುದು ಬಿಸಿಲೇರುವ ಫೆಬ್ರುವರಿ, ಮಾರ್ಚ್‌ನಲ್ಲಿ. ಸಕ್ಕರೆ ಸರಸರ ಏರುತ್ತದೆ, ಹುಳಿ ಇಳಿಯುತ್ತದೆ. ಕೆಂಪು ವೈನನ್ನು ವರ್ಷಗಟ್ಟಲೆ ಹಿಡಿದು ನಿಲ್ಲಿಸುವುದು ಆ ಹುಳಿ ಮತ್ತು ಸಿಪ್ಪೆಯ ಒಗರು. ಮೂರು ಸಾವಿರ ಅಡಿ ಎತ್ತರದ ನಂದಿ ಸೀಮೆಯ ತಂಪು ರಾತ್ರಿಗಳಿಗೆ ಬೆಲೆ ಬರುವುದು ಇಲ್ಲಿಯೇ.

2007ರ ವೈನ್ ನೀತಿ, ವೈನ್ ಮಂಡಳಿ ಬಂದ ಮೇಲೆ ಹೊಸಬರು ಬಂದರು. ಬ್ರುನೆಲ್ಲೊದ ದ್ರಾಕ್ಷಿಯಾದ ಸಾಂಜೊವೇಸೆಯನ್ನೇ ಹಂಪಿ ಬೆಟ್ಟಗಳ ಸೀಮೆಯಲ್ಲಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ತಮ್ಮ 'ಕೃಷ್ಮಾ' ತೋಟದಲ್ಲಿ ನೆಟ್ಟರು. ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನಲ್ಲಿ 'ಫ್ರಾತೆಲ್ಲಿ'ಯವರು ಇಟಲಿಯ ಟಸ್ಕನಿಯ ವೈನ್ ತಯಾರಕ ಪಿಯೆರೊ ಮಾಸಿ ಅವರ ಕೈಯಲ್ಲಿ ಸಾಂಜೊವೇಸೆ, ಕ್ಯಾಬರ್ನೆ ಬೆರೆಸಿ 'ಸೆತ್ತೆ' ಮಾಡಿಸಿದರು. ಎರಡೂ ಕುಟುಂಬದ ಹಣ, ಕುಟುಂಬದ ಹಟ.

ಕೋಲಾರದ ಅಧ್ಯಾಯ ಮಾತ್ರ ಯಾರೂ ಬರೆದಂತಿಲ್ಲ. ಇಲ್ಲಿನ ದ್ರಾಕ್ಷಿ ಬೆಳೆಗಾರ ಕಲ್ಲುಕಂಬದ ಚಪ್ಪರವನ್ನೂ ಸಾವಿರ ಅಡಿ ದಾಟಿದ ಕೊಳವೆಬಾವಿಯನ್ನೂ ನಂಬಿ ಬದುಕಿದವನು. ಅವನ ಜಿಲ್ಲೆ ಈಗ ಬದಲಾಗಿದೆ: ನರಸಾಪುರದ ಸುತ್ತ ಕೈಗಾರಿಕಾ ಪ್ರದೇಶ ಬಂತು. ಹೋಂಡಾ ಬಂತು, ಐಫೋನ್ ಜೋಡಿಸುವ ಕಾರ್ಖಾನೆ ಬಂತು. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಹರಿಯಿತು. ಆ ನೀರು ಇಳಿದ ಅಂತರ್ಜಲದಲ್ಲಿ ಬೆಳೆದ ಹಣ್ಣಿನ ಗುಣವೇನು? ಒಂದೇ ತೋಟದ ಹಣ್ಣನ್ನು ಹತ್ತು ವರ್ಷ ಬೇರೆಬೇರೆಯಾಗಿ ಹಿಂಡಿ, ಬಾಟಲಿ ತುಂಬಿಸಿಟ್ಟು ನೋಡಬೇಕು. ವೈನಿನವರು 'ಫಾಕ್ಸಿ' ಎನ್ನುವ ಘಾಟುವಾಸನೆಯ ಅಗ್ಗದ ಸಿಹಿ ವೈನಿಗಷ್ಟೇ ಲಾಯಕ್ಕು ಎಂದು ತಳ್ಳಿಹಾಕಿದ ಬೆಂಗಳೂರು ಬ್ಲೂವಿಗೂ ನಾಲ್ಕು ಪೀಪಾಯಿ ಮೀಸಲಿಡಬೇಕು. ವೈನ್ ಉತ್ಸವದ ಒಂದು ಪೆಂಡಾಲ್ ಕಡಿಮೆ ಮಾಡಿದರೂ ಅದರ ಖರ್ಚು ಹುಟ್ಟೀತು.