ತೊಡೆಮೂಳೆಯ ತಲೆ ತೆಗೆದ ಮೇಲೆ: ಸಾಕಿದವರ ಸಾಕ್ಷ್ಯಕ್ಕೆ ಎಷ್ಟು ಬೆಲೆ?

ನಾಯಿಗಳ ಹಿಪ್ ಡಿಸ್ಪ್ಲಾಸಿಯಾವನ್ನು ಅಮೆರಿಕದ ಪಶುವೈದ್ಯ ಗೆರಿ ಷ್ನೆಲ್ 1935ರಲ್ಲಿ ದಾಖಲಿಸಿದರು. ಸೊಂಟದ ಕೀಲು ಸಡಿಲಗೊಂಡು, ತೊಡೆಮೂಳೆಯ ತಲೆ ಗುಳಿಯಲ್ಲಿ ನೆಟ್ಟಗೆ ಕೂರದೆ, ಬರಬರುತ್ತಾ ಕೀಲು ಸವೆಯುವ ಈ ತೊಂದರೆಗೆ ಯಾವ ಯಾವ ಶಸ್ತ್ರಚಿಕಿತ್ಸೆಗಳಿವೆ ಎಂಬಲ್ಲಿ ಹೆಚ್ಚು ತಕರಾರಿಲ್ಲ. 15ರಿಂದ 20 ವಾರದ ಮರಿಗೆ ಪ್ಯೂಬಿಕ್ ಮೂಳೆಗಳ ನಡುವಿನ ಬೆಳವಣಿಗೆಯ ಪದರವನ್ನು ಸುಟ್ಟು, ಗುಳಿ ತಾನಾಗಿ ತಲೆಯ ಮೇಲೆ ಹೊರಳುವಂತೆ ಮಾಡಬಹುದು. ಕೀಲು ಇನ್ನೂ ಸವೆಯದ ಎಳೆಯ ನಾಯಿಗೆ, ಬಾರ್ಕ್ಲೆ ಸ್ಲೋಕಮ್ 1986ರಲ್ಲಿ ಪ್ರಕಟಿಸಿದ ವಿಧಾನದಂತೆ, ಸೊಂಟದ ಮೂಳೆಯನ್ನು ಮೂರು ಕಡೆ ಕತ್ತರಿಸಿ ಗುಳಿಯನ್ನು ತಿರುಗಿಸಬಹುದು. ಸವೆದ ಮೇಲೆ ಉಳಿಯುವುದು ಕೃತಕ ಕೀಲು, ಇಲ್ಲವೇ ತೊಡೆಮೂಳೆಯ ತಲೆಯನ್ನೇ ತೆಗೆದುಹಾಕುವುದು.

ತಕರಾರಿರುವುದು ಈ ಕೊನೆಯದರ ಬಗ್ಗೆ. ಮ್ಯೂನಿಕ್ ವಿಶ್ವವಿದ್ಯಾಲಯದ ಓಫ್ ಮತ್ತು ಮಾಟಿಸ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಲೆ ತೆಗೆಸಿಕೊಂಡ ನಾಯಿ ಮತ್ತು ಬೆಕ್ಕುಗಳ ಪೈಕಿ ಶೇ. 38ರಷ್ಟಕ್ಕೆ ಒಳ್ಳೆಯ ಫಲಿತಾಂಶ, ಶೇ. 20ರಷ್ಟಕ್ಕೆ ತೃಪ್ತಿಕರ, ಶೇ. 42ರಷ್ಟಕ್ಕೆ ಕಳಪೆ. ಆದರೆ ಸಾಕಿದವರಲ್ಲಿ ಶೇ. 96ರಷ್ಟು ಮಂದಿಗೆ ಸಮಾಧಾನವಿತ್ತು! ಇದರಿಂದ ಸಾಮಾನ್ಯವಾಗಿ ಎಳೆಯುವ ತೀರ್ಮಾನ ಒಂದೇ: ಸಾಕಿದವರ ಮಾತನ್ನು ನಂಬಬಾರದು. ನನಗೆ ಇದು ಅವಸರದ ತೀರ್ಮಾನವೆನಿಸುತ್ತದೆ.

ಪಶುವೈದ್ಯರು ಮೇಜಿನ ಮೇಲೆ ಕಾಲನ್ನು ಹಿಂದಕ್ಕೆ ಚಾಚಿ ಎಷ್ಟು ಬರುತ್ತದೆಂದು ನೋಡುತ್ತಾರೆ, ತೊಡೆಗೆ ಟೇಪು ಸುತ್ತಿ ಸ್ನಾಯು ಎಷ್ಟು ಕರಗಿದೆಯೆಂದು ಅಳೆಯುತ್ತಾರೆ, ಕಾಲು ಗಿಡ್ಡವಾಯಿತೇ ಎಂದು ಹೋಲಿಸುತ್ತಾರೆ. ಅವರ ಅಳತೆಗೋಲು ಆರೋಗ್ಯವಂತ ನಾಯಿಯ ಕಾಲು. ಸಾಕಿದವರ ಅಳತೆಗೋಲು ಅದೇ ನಾಯಿಯ ಹೋದ ವರ್ಷದ ಕಾಲು: ಆಗ ಮೆಟ್ಟಿಲ ಬುಡದಲ್ಲೇ ಕೂತುಬಿಡುತ್ತಿದ್ದುದು ಈಗ ಎರಡೂ ಹಿಂಗಾಲು ಜೋಡಿಸಿ ಕುಪ್ಪಳಿಸಿಯಾದರೂ ಹತ್ತುತ್ತದೆ. ಪ್ರಶ್ನೆಗಳೇ ಬೇರೆಯಾದಾಗ ಉತ್ತರ ಹೊಂದದಿರುವುದು ಸಹಜ.

ಇಲ್ಲಿಗೆ ಸಾಕಿದವರು ಗೆದ್ದರೆಂದೂ ಹೇಳಲಾಗದು. ಕೊನ್ಜೆಮಿಯಸ್ ಮತ್ತು ಇವಾನ್ಸ್ 2012ರಲ್ಲಿ, ಸಂಧಿವಾತದಿಂದ ಕುಂಟುತ್ತಿದ್ದು ಕೇವಲ ಹುಸಿ ಔಷಧಿ ಪಡೆದ 58 ನಾಯಿಗಳ ದಾಖಲೆಗಳನ್ನು ಪರಿಶೀಲಿಸಿದರು. ಕಾಲೂರುವ ಬಲವನ್ನು ಅಳೆಯುವ ಫೋರ್ಸ್ ಪ್ಲೇಟ್ ಒಪ್ಪದ ಸುಧಾರಣೆಯನ್ನು ಸಾಕಿದವರು ಕಂಡದ್ದು ಶೇ. 39.7ರಷ್ಟು ಬಾರಿ. ನಾಯಿ ಕುಕ್ಕುಲೋಟದಲ್ಲಿದ್ದಾಗ ಪಶುವೈದ್ಯರು ಕಂಡದ್ದು ಶೇ. 44.8ರಷ್ಟು ಬಾರಿ. ಬಿಳಿ ಕೋಟಿನ ಕಣ್ಣೂ ಕಣ್ಣೇ.

ನನ್ನ ವಾದದ ತಿರುಳು ಬೇರೆಡೆ ಇದೆ. ಬಾರ್, ಡೆನ್ನಿ ಮತ್ತು ಗಿಬ್ಸ್ 1987ರಲ್ಲಿ, ಎಳೆವಯಸ್ಸಿನಲ್ಲೇ ತೊಂದರೆ ಕಾಣಿಸಿಕೊಂಡು, ಶಸ್ತ್ರಚಿಕಿತ್ಸೆಯಿಲ್ಲದೆ ಬೆಳೆದ 68 ನಾಯಿಗಳನ್ನು ವರ್ಷಗಳ ನಂತರ ನೋಡಿದಾಗ, ಶೇ. 76ರಷ್ಟರ ನಡಿಗೆಯಲ್ಲಿ ದೋಷ ಅತ್ಯಲ್ಪವಾಗಿತ್ತು. ಐದಾರು ತಿಂಗಳ ಮರಿಯ ನೋವಿಗೆ ಕೀಲುಚೀಲ ಎಳೆದುಹೋಗುವುದು, ಗುಳಿಯ ಅಂಚಿನಲ್ಲಿ ಸಣ್ಣ ಬಿರುಕುಗಳೇಳುವುದು ಕಾರಣ. ಒಂದು, ಒಂದೂವರೆ ವರ್ಷದ ಹೊತ್ತಿಗೆ ಚೀಲ ದಪ್ಪಗಟ್ಟಿ ನೋವು ತಗ್ಗುತ್ತದೆ, ಎಕ್ಸ್-ರೇಯಲ್ಲಿ ಸವೆತ ಮುಂದುವರಿದಿದ್ದರೂ ಸರಿಯೇ. ಹಾಗಿದ್ದಲ್ಲಿ ಸಾಕಿದವರು ಕಂಡ ಸುಧಾರಣೆ ನಿಜವಿರಬಹುದು. ಅದನ್ನು ಕತ್ತಿಯ ಲೆಕ್ಕಕ್ಕೆ ಬರೆದದ್ದು ತಪ್ಪಿರಬಹುದು. ಎಳೆಯ ನಾಯಿಗಳ ಮಟ್ಟಿಗೆ, ತಲೆ ತೆಗೆದ ಶಸ್ತ್ರಚಿಕಿತ್ಸೆಗೆ ಸಲ್ಲಿಸುವ ಕೀರ್ತಿಯಲ್ಲಿ ಗಣನೀಯ ಪಾಲು ವಯಸ್ಸಿಗೆ ಸೇರಬೇಕೆಂಬುದು ನನ್ನ ಊಹೆ.

ಊಹೆಯೆಂದೇ ಹೇಳಬೇಕು. ಮ್ಯೂನಿಕ್ಕಿನ ರೋಗಿಗಳೆಲ್ಲ ಡಿಸ್ಪ್ಲಾಸಿಯಾದವರಲ್ಲ, ಎಲ್ಲವೂ ನಾಯಿಗಳೂ ಅಲ್ಲ. ಬಾರ್ ನೋಡಿದ ಗುಂಪಿನಲ್ಲಿ ತೀರಾ ನೋವಿನವು ಕಡಿಮೆಯಿದ್ದಿರಬಹುದು, ಅಂಥವನ್ನು ಮೊದಲೇ ಶಸ್ತ್ರಚಿಕಿತ್ಸೆಗೆ ಒಯ್ದಿರುವ ಸಾಧ್ಯತೆಯಿದೆ. ಬೇರೆ ಬೇರೆ ಕಾಲದ, ಬೇರೆ ಬೇರೆ ಅಳತೆಯ ಎರಡು ಗುಂಪುಗಳನ್ನು ಪಕ್ಕಪಕ್ಕದಲ್ಲಿಟ್ಟು ವ್ಯವಕಲನ ಮಾಡಲು ಬರುವುದಿಲ್ಲ. ಕೀಲು ಪೂರ್ತಿ ಸವೆದು ಮೂಳೆಗೆ ಮೂಳೆ ಉಜ್ಜುವ ಏಳೆಂಟು ವರ್ಷದ ನಾಯಿಗೆ ಈ ವಾದ ಅನ್ವಯಿಸುವುದೇ ಇಲ್ಲ. ಅಲ್ಲಿ ಕಾದು ನೋಡಿ ಗಳಿಸುವುದೇನೂ ಇಲ್ಲ.

ಇತ್ಯರ್ಥಕ್ಕೆ ಬೇಕಾದದ್ದು, ಒಂದೇ ವಯಸ್ಸಿನ ನಾಯಿಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ, ಒಂದು ಪಾಲಿಗೆ ತೂಕ ಹಿಡಿತ, ವ್ಯಾಯಾಮ, ನೋವಿನ ಮಾತ್ರೆ ಮಾತ್ರ ಕೊಟ್ಟು, ಎರಡನ್ನೂ ಫೋರ್ಸ್ ಪ್ಲೇಟ್ ಮೇಲೆ ಓಡಿಸಿ ಅಳೆಯುವ ಅಧ್ಯಯನ. ನೋವಿನಿಂದ ಕುಂಯ್‌ಗುಟ್ಟುವ ಮರಿಯನ್ನು ಚೀಟಿಯ ಪಾಲಿಗೆ ಬಿಡಲು ಎಷ್ಟು ಮಂದಿ ಒಪ್ಪುತ್ತಾರೆ, ಒಪ್ಪಿದವರ ನಾಯಿಗಳು ಉಳಿದವನ್ನು ಪ್ರತಿನಿಧಿಸುತ್ತವೆಯೇ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.